ಹಕಾರಕ್ಕೊಂದು ಕಾಗದದ ಪಟ್ಟಿ

ಮೊನ್ನೆ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಹಳೆಯ ನಿಘಂಟಿನ ಧೂಳು ಹೊಡೆಯುತ್ತಿದ್ದೆ. ಧೂಳು ಹೊಡೆಯುವುದೆಂದರೆ ನನ್ನ ಮಟ್ಟಿಗೆ ಪುಸ್ತಕ ತೆಗೆದು, ಅಂಗೈಯಿಂದ ಎರಡು ಪೆಟ್ಟು ಕೊಟ್ಟು, ಒಂದು ಸಲ ಜೋರಾಗಿ ಸೀನಿ, ಮತ್ತೆ ಅಲ್ಲೇ ಇಡುವುದು. ಎರಡನೆಯ ಪೆಟ್ಟಿಗೆ ಒಳಗಿಂದ ಒಂದು ಕಾಗದದ ಪಟ್ಟಿ ಜಾರಿ ನೆಲಕ್ಕೆ ಬಿತ್ತು. ಹಳೆ ಕ್ಯಾಲೆಂಡರಿನಿಂದ ಎರಡು ಬೆರಳಗಲ, ಒಂದು ಗೇಣುದ್ದ ಕತ್ತರಿಸಿದ ಪಟ್ಟಿ. ಒಂದು ಬದಿಯಲ್ಲಿ ಅರ್ಧ ಏಕಾದಶಿ, ಅರ್ಧ ಮಂಗಳವಾರ. ಇನ್ನೊಂದು ಬದಿಯಲ್ಲಿ ನೀಲಿ ಶಾಯಿಯ ಒಂದೇ ಒಂದು ಸಾಲು. ಆ ಸಾಲನ್ನು ನಿಮಗೆ ಓದಿ ಹೇಳುತ್ತೇನೆ, ಆದರೆ ಈಗಲೇ ಅಲ್ಲ. ಅದಕ್ಕೂ ಮೊದಲು ಈ ಪಟ್ಟಿ ಏನು ಕೆಲಸ ಮಾಡುತ್ತಿತ್ತು ಅನ್ನುವುದು ನಿಮಗೆ ಗೊತ್ತಾಗಬೇಕು. ಗೊತ್ತಾದ ಮೇಲೆ ನನ್ನ ಮೇಲೆ ನಿಮಗೆ ಸ್ವಲ್ಪ ಸಿಟ್ಟು ಬಂದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಈ ಪಟ್ಟಿಯನ್ನು ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿದು "ಹ" ಅನ್ನಬೇಕು. ಪಟ್ಟಿ ಅಲುಗಿದರೆ ಹಕಾರ ಬಂತು. ಅಲುಗದೆ ಸುಮ್ಮನೆ ನಿಂತರೆ ಬಂದದ್ದು ಬರೀ "ಅ". ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಹಸು ಅಸುವಾಗುತ್ತದೆ, ಹುಲ್ಲು ಉಲ್ಲಾಗುತ್ತದೆ, ಆ ಅಸು ಆ ಉಲ್ಲನ್ನು ತಿಂದು ಆಲು ಕೊಡುತ್ತದೆ. ಆಲಿನ ರುಚಿಯಲ್ಲಿ ಏನೂ ಕೊರತೆಯಿಲ್ಲ. ಆದರೆ ಪರ ಊರಿನವರ ಮುಂದೆ ಬಾಯಿ ಬಿಟ್ಟರೆ ಮಾತ್ರ ಮಾನ ಹೋಗುತ್ತದೆ.

ನನ್ನ ಮಾನ ಹೋದದ್ದು ಮೈಸೂರಿನಲ್ಲಿ, ಬಿ.ಎಡ್. ಓದುವಾಗ. ನಾನು ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯವಳು. ಮೊದಲನೆಯ ಪಾಠ ಮಾಡಿ ತೋರಿಸುವ ದಿನ, ಕಪ್ಪುಹಲಗೆಯ ಮೇಲೆ ಚಂದದ ಚಿತ್ರ ಬರೆದು, ಕೋಲು ಹಿಡಿದು, ತುಂಬಿದ ತರಗತಿಯ ಮುಂದೆ "ಆಕಾಶದಲ್ಲಿ ಅಕ್ಕಿ ಆರುತ್ತಿದೆ" ಅಂದೆ. ಹಿಂದಿನ ಬೆಂಚಿನಿಂದ ಯಾರೋ, "ಬಿಸಿಲಿಗೆ ಹಾಕಿದ್ರಾ ಮೇಡಂ, ಚೆನ್ನಾಗಿ ಒಣಗುತ್ತೆ ಬಿಡಿ" ಅಂದರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವತ್ತೇ ಹಾಸ್ಟೆಲಿನ ಗೋಡೆಯ ಕ್ಯಾಲೆಂಡರಿನಿಂದ ಒಂದು ಪಟ್ಟಿ ಕತ್ತರಿಸಿದೆ. ಮೂರು ತಿಂಗಳು ಬಚ್ಚಲಲ್ಲಿ, ಬಸ್ಸಿನಲ್ಲಿ, ಊಟದ ಸಾಲಿನಲ್ಲಿ "ಹ ಹ" ಅಂತ ಗಾಳಿ ಊದಿದೆ. ಜೊತೆಯವರು ನನಗೆ ಉಬ್ಬಸ ಅಂದುಕೊಂಡು ಔಷಧಿ ಹೇಳಿದರು. ಕೊನೆಗೂ ಹಕಾರ ಬಂತು. ಬಂದ ಮೇಲೆ ನಾನು ಹೊಸದಾಗಿ ಮಡಿ ಉಟ್ಟವಳ ಹಾಗೆ ಆಡತೊಡಗಿದೆ. ಮದುವೆಯಾಗಿ ಪಾಂಡವಪುರಕ್ಕೆ ಬಂದ ಮೇಲೂ, ನಮ್ಮ ಯಜಮಾನರು ಬೆಳಿಗ್ಗೆ ಚಪ್ಪಲಿ ಮೆಟ್ಟಿ "ಓಗ್ಬತ್ತೀನಿ" ಅಂದರೆ ಬಾಗಿಲಿಗೆ ಅಡ್ಡ ನಿಂತು "ಹೋಗಿ ಬರ್ತೀನಿ ಅನ್ನಿ" ಅನ್ನುತ್ತಿದ್ದೆ. ಪಾಪ, ಅವರು ಕೆಲವು ವರ್ಷ ಏನೂ ಹೇಳದೆ ಕೈ ಬೀಸಿ ಹೋಗುವುದನ್ನು ರೂಢಿ ಮಾಡಿಕೊಂಡರು.

ಅರಕೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಕನ್ನಡ ಹೇಳಲು ಬಂದಾಗ ಈ ಪಟ್ಟಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಹಳೆಯದು ಹರಿದರೆ ಹೊಸದು ಕತ್ತರಿಸುತ್ತಿದ್ದೆ. ಮಕ್ಕಳು ನನಗೆ "ಹ ಮೇಡಂ" ಅಂತ ಹೆಸರಿಟ್ಟಿದ್ದಾರೆಂದು ತಿಳಿದು ಒಳಗೊಳಗೇ ಖುಷಿಪಟ್ಟಿದ್ದೆ. ಅವರ ಬಾಯಲ್ಲಿ ಅದು "ಅ ಮೇಡಂ" ಆಗಿದೆ ಅನ್ನುವುದು ಬಹಳ ದಿನದ ಮೇಲೆ ಗೊತ್ತಾಯಿತು.

ಆ ಶಾಲೆಯ ಒಂಬತ್ತನೇ ಕ್ಲಾಸಿಗೆ ಒಂದು ವರ್ಷ ಹೇಮಾವತಿ ಅನ್ನುವ ಹುಡುಗಿ ಬಂದಳು. ಉದ್ದ ಕೈಕಾಲು, ಎರಡು ಜಡೆ, ಯಾವಾಗಲೂ ಏನೋ ಲೆಕ್ಕ ಹಾಕುತ್ತಿರುವಂಥ ಕಣ್ಣು. ಮೊದಲ ದಿನ ಹೆಸರು ಕೇಳಿದೆ.

"ಏಮಾವತಿ."

"ಏನು?"

"ಏಮಾವತಿ ಮೇಡಂ. ನಮ್ಮವ್ವನೂರು ಅಕ್ಕೆಬ್ಬಾಳು. ಒಳೆ ಎಸ್ರೇ ಮಡಗವ್ರೆ."

ಅಕ್ಕಿಹೆಬ್ಬಾಳು ಹೇಮಾವತಿ ಹೊಳೆಯ ದಡದಲ್ಲಿರುವ, ನನ್ನ ತವರು ತಾಲ್ಲೂಕಿನದೇ ಊರು. ನಮ್ಮೂರ ಕಡೆಯ ಹುಡುಗಿ ಸಿಕ್ಕಿದಳಲ್ಲ ಅಂತ ನಾನು ಸಂತೋಷಪಡಬಹುದಿತ್ತು. ಬದಲಿಗೆ ಒಂದೇ ಉಸಿರಿನಲ್ಲಿ ನಾಲ್ಕು ಹಕಾರ ನುಂಗಿದಳಲ್ಲ ಅಂತ ಎಣಿಸುತ್ತಿದ್ದೆ. "ನಿನ್ನ ಹೆಸರನ್ನೇ ನೆಟ್ಟಗೆ ಹೇಳೋಕೆ ಬರಲ್ವಾ?" ಅಂದು ಪಟ್ಟಿ ತೆಗೆದೆ. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಊದಿದಳು, ಪಟ್ಟಿ ಅಲುಗಲಿಲ್ಲ. ಕ್ಲಾಸು ನಕ್ಕಿತು. ಆಶ್ಚರ್ಯವೆಂದರೆ ಬರೆಯುವಾಗ ಅವಳು ಒಂದು ಹಕಾರವನ್ನೂ ತಪ್ಪುತ್ತಿರಲಿಲ್ಲ. ಅವಳ ನೋಟುಬುಕ್ಕನ್ನು ಬೇರೆ ಮಕ್ಕಳಿಗೆ ತೋರಿಸುತ್ತಿದ್ದೆ. ಅವಳನ್ನು ಮಾತ್ರ ಎಬ್ಬಿಸಿ ಓದಿಸುತ್ತಿರಲಿಲ್ಲ.

ಅವರೆಕಾಯಿ ಬರುವ ಕಾಲ ಇರಬೇಕು. ಒಂದು ಸಾಯಂಕಾಲ ಕೊನೆಯ ಗಂಟೆ ಹೊಡೆದು ನಾನು ಬ್ಯಾಗು ಹೆಗಲಿಗೇರಿಸುವಾಗ ಹೇಮಾವತಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಶ್ರೀರಂಗಪಟ್ಟಣದ ಬಸ್ಸಿಗೆ ಹತ್ತು ನಿಮಿಷವಿತ್ತು. ಅದು ತಪ್ಪಿದರೆ ಪಾಂಡವಪುರದ ಬಸ್ಸೂ ತಪ್ಪುತ್ತದೆ.

"ಮೇಡಂ, ಒಂದ್ ಮಾತ್ ಏಳ್ಬೇಕು."

ನಾನು ಏನಂದೆ ಗೊತ್ತೇ? ನೆನೆಸಿಕೊಂಡರೆ ಇವತ್ತೂ ನಾಚಿಕೆಯಾಗುತ್ತದೆ. "ಏಳಬೇಕು ಅಂದರೆ ಎದ್ದು ನಿಲ್ಲಬೇಕು ಅಂತ. ನೀನು ನಿಂತೇ ಇದೀಯಲ್ಲ! ಹೇಳಬೇಕು ಅನ್ನು," ಅಂದು ಪಟ್ಟಿ ಹಿಡಿದೆ. ಅವಳು "ಏ..." ಅಂದಳು. ಅಲುಗಲಿಲ್ಲ. ಎರಡನೆಯ ಸಲ, ಮೂರನೆಯ ಸಲ. ಕಣ್ಣು ಪಟ್ಟಿಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. "ನಾಳೆ ಸರಿಯಾಗಿ ಅಂದುಕೊಂಡು ಬಾ, ಆಗ ಕೇಳ್ತೀನಿ," ಅಂದು ಓಡಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಂದಿನ ಮಟ್ಟಿಗೆ ನಾನು ಬಹಳ ತೃಪ್ತಳಾಗಿದ್ದೆ. ಮರುದಿನ ಅವಳು ಬರಲಿಲ್ಲ. ಅವಳು ಬರಲಿಲ್ಲ ಅನ್ನುವುದು ನನ್ನ ಗಮನಕ್ಕೂ ಬರಲಿಲ್ಲ.

ಯಾಕೆಂದರೆ ನನ್ನ ತಲೆಯಲ್ಲಿ ಆ ವಾರ ಪೂರ್ತಿ ಮಕ್ಕಳ ಗ್ರಾಮಸಭೆ ಇತ್ತು. ವರ್ಷಕ್ಕೊಮ್ಮೆ ಪಂಚಾಯ್ತಿಯವರು ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಕಷ್ಟಸುಖ ಏನು ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವ ಸಭೆ. ಮಕ್ಕಳ ಹಕ್ಕಿನ ಬಗ್ಗೆ ಭಾಷಣ ಬರೆದುಕೊಡುವ ಭಾರ ನನ್ನದು. ಬಹಳ ಚೆನ್ನಾಗಿ ಬರೆದಿದ್ದೆ. ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಮಗು ಮಗುವೇ, ಓದುವ ಹಕ್ಕು, ಆಡುವ ಹಕ್ಕು, ತನ್ನ ಮಾತನ್ನು ದೊಡ್ಡವರು ಕಿವಿಗೊಟ್ಟು ಕೇಳುವ ಹಕ್ಕು ಎಲ್ಲ ದೇಶದ ಮಕ್ಕಳಿಗೂ ಸಮ, ಹೀಗೆ. ಕಿವಿಗೊಟ್ಟು ಅನ್ನುವ ಪದದ ಕೆಳಗೆ, ಒತ್ತಿ ಹೇಳಬೇಕೆಂದು ಗೆರೆ ಬೇರೆ ಎಳೆದಿದ್ದೆ. ಓದುವುದಕ್ಕೆ ಹಕಾರ ಸ್ವಚ್ಛವಾಗಿ ಬರುವ ರಚನಾ ಅನ್ನುವ ಹುಡುಗಿಯನ್ನು ಆರಿಸಿದೆ.

ಸಭೆಯ ದಿನ ಪಂಚಾಯ್ತಿ ಹಾಲು ಜನರಿಂದ ತುಂಬಿತ್ತು. ಹೊಸದಾಗಿ ವರ್ಗವಾಗಿ ಬಂದಿದ್ದ ಪಂಚಾಯ್ತಿ ಅಧಿಕಾರಿ, ಎಲ್ಲರೂ ಪಿಡಿಒ ಸಾಹೇಬರು ಅನ್ನುತ್ತಿದ್ದವರು, ಉತ್ತರ ಕರ್ನಾಟಕದವರು. ರಚನಾ ಒಂದೂ ತಪ್ಪಿಲ್ಲದೆ ಓದಿದಳು. ಚಪ್ಪಾಳೆ ಬಿತ್ತು. ಅದರಲ್ಲಿ ಅರ್ಧ ನನಗೇ ಅಂದುಕೊಂಡೆ. ಬಿಸ್ಕತ್ತಿನ ಪೊಟ್ಟಣ ಹಂಚಲು ತಯಾರಾಗಿದ್ದಾಗ ಪಿಡಿಒ, "ಮತ್ತ ಯಾರರೆ ಮಾತಾಡವ್ರು ಅದೀರೇನು?" ಅಂತ ಪದ್ಧತಿಗೆ ಕೇಳಿದರು. ಹಿಂದಿನ ಸಾಲಿನಿಂದ ಹೇಮಾವತಿ ಎದ್ದಳು. ಮೈಕು ಕೈಗೆ ಕೊಟ್ಟರು, ಅದು ಒಂದು ಸಲ ಕಿರುಚಿತು.

"ಮಕ್ಳಿಗೆ ಅಕ್ಕು ಅದೆ ಅಂತ ರಚನಾ ಏಳುದ್ಲು. ನಂಗೂ ಅಕ್ಕು ಬೇಕು," ಅಂದಳು. ಅಷ್ಟಕ್ಕೇ ಮೈಕು ಇಳಿಸಿಬಿಟ್ಟಳು.

"ಏನ್ ಬೇಕಂತ?" ಪಿಡಿಒ ಕೇಳಿದರು.

ಮುಂದೆ ಕೂತಿದ್ದ ಮೆಂಬರೊಬ್ಬರು ತಿರುಗಿ, "ಅಕ್ಕಿ ಬೇಕಂತೆ ಸಾರ್! ಬಿಸಿಯೂಟ ಸಾಲ್ತಿಲ್ವೇನೋ," ಅಂದರು. ಹಾಲಿಗೆ ಹಾಲೇ ನಕ್ಕಿತು. ಪಿಡಿಒ ನಗಲಿಲ್ಲ, ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಂಡರು: ಶಾಲಾ ಮಕ್ಕಳು ಹೆಚ್ಚುವರಿ ಅಕ್ಕಿಗಾಗಿ ಬೇಡಿಕೆ ಸಲ್ಲಿಸಿದರು.

ಅವಳು ಅಂದದ್ದು ಹಕ್ಕು ಅಂತ ಆ ಹಾಲಿನಲ್ಲಿ ಬೇರೆ ಯಾರಿಗೆ ತಿಳಿಯಿತೋ ಇಲ್ಲವೋ, ನನಗೆ ತಿಳಿದಿತ್ತು. ಅಕ್ಕಿಯ ಸಂಕಟವನ್ನು ನನಗಿಂತ ಬಲ್ಲವರು ಯಾರಿದ್ದಾರೆ? ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಆದರೆ ನನಗೆ ಅನಿಸಿದ್ದು, ಅಯ್ಯೋ, ಇಷ್ಟು ಜನದ ಮುಂದೆ ಇವಳು ನನ್ನ ಪಾಠದ ಮಾನ ಕಳೆದಳಲ್ಲ ಅಂತ. ನಾನೂ ನಕ್ಕೆ. ಜೋರಾಗಿ ಅಲ್ಲ, ಆದರೂ ಅವಳಿಗೆ ಕಾಣುವಷ್ಟು.

ಅದಾದ ಮೇಲೆ ನಾಲ್ಕು ದಿನ ಹೇಮಾವತಿ ಶಾಲೆಗೆ ಬರಲಿಲ್ಲ. ಐದನೆಯ ದಿನ ಹಾಜರಿ ಕೂಗುವಾಗ ರಚನಾ ಎದ್ದು ನಿಂತಳು. ಗಾಬರಿಯಲ್ಲಿ ಅವಳ ಹಕಾರವೂ ಹೋಗಿತ್ತು.

"ಏಮಂಗೆ ಮದ್ವೆ ಗೊತ್ತಾಗದೆ ಮೇಡಂ. ದೇವಲಾಪುರದಲ್ಲಿ ಅವರತ್ತೆ ಮಗನ್ಗೆ. ಅವತ್ತು ನಿಮ್ಗೆ ಅದ್ನೇ ಏಳಕ್ಕೆ ಬಂದಿದ್ಲು."

ಹಾಜರಿ ಪುಸ್ತಕ ಮುಚ್ಚಿದೆ. ಅವಳಿಗೆ ಹದಿನೈದೂ ತುಂಬಿರಲಿಲ್ಲ, ಅದು ಆ ಪುಸ್ತಕದಲ್ಲೇ ಇತ್ತು. ಎದೆಯಲ್ಲಿ ಏನೋ ಕುಸಿದ ಹಾಗಾಯಿತು ಅಂತ ಬರೆದರೆ ಕಥೆಯ ಹಾಗೆ ಕೇಳಿಸುತ್ತದೆ. ನಿಜವಾಗಿ ಆದದ್ದು ಇಷ್ಟು: ನನ್ನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಅವತ್ತು ಸಾಯಂಕಾಲದ ಬಸ್ಸಿನ ಹಾರನ್ನು ಕೇಳಿಸಿದರೂ ನಾನು ಏಳಲಿಲ್ಲ. ಅವಳ ಮನೆಗೆ ಹೋದೆ.

ಅವಳ ಅಪ್ಪ ನಿಂಗೇಗೌಡರು ಕೆಟ್ಟವರಲ್ಲ. ನಾಲೆ ನೀರಿನ ಗದ್ದೆ, ಎರಡು ಹಸು, ಮರ್ಯಾದಸ್ಥ ಮನುಷ್ಯ. "ಬನ್ನಿ ಮೇಡಂ, ಕೂತ್ಕಳಿ, ಕಾಪಿ ಕುಡೀರಿ," ಅಂದರು. ಮದುವೆಯ ಮಾತೆತ್ತಿದೆ.

"ಮದ್ವೆ ಅಲ್ಲ ಮೇಡಂ, ಸುಮ್ನೆ ತಾಂಬೂಲ ಬದ್ಲಾಯಿಸ್ಕಂಡಿದ್ದೀವಿ. ನಮ್ಮಕ್ಕನ ಮನೆ, ಎಣ್ಣು ಎಲ್ಲೂ ದೂರ ಓಗಾಕಿಲ್ಲ. ನಮ್ಮಪ್ಪ ಕಣ್ಮುಚ್ಚಕ್ ಮುಂಚೆ ಒಂದ್ ಅಕ್ಷತೆ ಬೀಳ್ಲಿ ಅಂತವ್ನೆ."

"ಹೇಮಾವತಿ ಒಪ್ಪಿದಾಳಾ?"

"ಬ್ಯಾಡ ಅಂತ ಒಂದ್ ಮಾತ್ ಏಳುದ್ಲಾ ಕೇಳಿ! ಬಾಯೇ ಬುಡ್ನಿಲ್ಲ. ಬಾಯ್ಬುಟ್ಟಿದ್ದು ಪಂಚಾಯ್ತಿಲಿ, ಅಕ್ಕಿ ಕೊಡಿ ಅಂತ. ಬತ್ತ ಬೆಳಿಯೋರ್ ಮನೆ ಮಗ್ಳು ನಾಕ್ ಜನದ್ ಮುಂದೆ ಅಕ್ಕಿ ಬೇಡುದ್ಲು. ನಮ್ಮನೇಲಿ ಅಕ್ಕಿಗೇನ್ ಬರ ಮೇಡಂ? ಅದ್ಕೇ ಬೇಗ ಮುಗುಸ್ಬುಡಾನ ಅಂತ."

ನಾನು ಬಾಗಿಲ ಹಿಂದೆ ನಿಂತಿದ್ದ ಅವಳ ತಾಯಿ ಜಯಮ್ಮನ ಕಡೆ ತಿರುಗಿ, "ನೀವೇನು ಹೇಳ್ತೀರಿ?" ಅಂತ ಕೇಳಿದೆ. "ನಾನೇನ್ ಏಳ್ಲಿ ಮೇಡಂ," ಅಂದು ಒಳಗೆ ಹೋದರು. ಹುಡುಗಿ ಎಲ್ಲಿ ಅಂದರೆ, ನೆಂಟರ ಮನೆಗೆ ಹೋಗಿದ್ದಾಳೆ ಅಂದರು ಗೌಡರು. ನಾನು ಬೀದಿಯ ತಿರುವಿಗೆ ಬಂದಿದ್ದೆ, ಜಯಮ್ಮ ಸೆರಗಿನಲ್ಲಿ ಅವರೆಕಾಯಿ ತುಂಬಿಕೊಂಡು ಹಿಂದೆಯೇ ಓಡಿ ಬಂದರು. ನನ್ನ ಚೀಲಕ್ಕೆ ಅದನ್ನು ಸುರಿಯುತ್ತ, ತಲೆ ಎತ್ತದೆ, "ಅಕ್ಕೆಬ್ಬಾಳ್ಗೆ ಕಳ್ಸಿವ್ನಿ ಮೇಡಂ. ನಮ್ಮವ್ವನ್ ಮನೇಗೆ. ನಾನೇ ಕಳ್ಸಿದ್ದು, ನಾನೇ," ಅಂದರು. ಆ "ನಾನೇ" ಅನ್ನುವುದನ್ನು ಅವರು ಎರಡು ಸಲ ಅಂದರು.

ಮರುದಿನ ಬೆಳಿಗ್ಗೆ ಪಂಚಾಯ್ತಿಗೆ ಹೋದೆ. ಮೊಂಡುತನ ನನಗೆ ಹುಟ್ಟಿನಿಂದ ಬಂದದ್ದು. ಇಷ್ಟು ವರ್ಷ ಅದನ್ನು ಒಂದೇ ಅಕ್ಷರದ ಮೇಲೆ ಖರ್ಚು ಮಾಡಿದ್ದೆ. ಈಗ ಅದಕ್ಕೆ ಸರಿಯಾದ ಕೆಲಸ ಸಿಕ್ಕಿತ್ತು.

"ಸರ್, ಆ ಹುಡುಗಿ ಅಕ್ಕಿ ಕೇಳಲಿಲ್ಲ, ಹಕ್ಕು ಕೇಳಿದಳು. ಪುಸ್ತಕ ತಿದ್ದಬೇಕು."

"ನಾನೂ ಅಲ್ಲೇ ಇದ್ನೆಲ್ರಿ ಮೇಡಂ. ಅಕ್ಕಿ ಅಂದ್ರು."

"ನಮ್ಮ ಕಡೆ ಹಕ್ಕಿಗೆ ಅಕ್ಕು ಅಂತಾರೆ ಸರ್."

"ಹಕ್ಕಿಗೆ ಅಂದ್ರ? ಪಕ್ಷಿಗೇನ್ರಿ?"

"ಅಲ್ಲ, ಪಕ್ಷಿಗೆ ಅಕ್ಕಿ ಅಂತಾರೆ."

"ಮತ್ತ ಅಕ್ಕಿಗೆ?"

"ಅಕ್ಕಿಗೂ ಅಕ್ಕಿನೇ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಪಟ್ಟಿ ತೆಗೆದು ಬಾಯಿಯ ಮುಂದೆ ಹಿಡಿದು ತೋರಿಸಿದೆ. ಆಮೇಲೆ ಮದುವೆಯ ವಿಷಯ ಹೇಳಿದೆ. ಅವರ ಮುಖ ಬದಲಾಯಿತು. "ಮದುವಿ ತಡಿಯೂದು ನನ್ನ ಕೆಲಸ, ಅದನ್ನ ನಾನು ಮಾಡ್ತೀನ್ರಿ," ಅಂದರು. "ಆದ್ರ ಈ ಪುಸ್ತಕ ತಿದ್ದಬೇಕಂದ್ರ ಅಕಿನ ಬಂದು ಹೇಳಬೇಕು. ಒಬ್ಬರ ಮಾತನ್ನ ಇನ್ನೊಬ್ಬರು ತಿದ್ದಲಿಕ್ಕೆ ಬರೂದಿಲ್ಲ."

ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಲಿಕ್ಕೆ ಬರುವುದಿಲ್ಲ. ಅವರು ಕಾನೂನು ಹೇಳಿದರೋ, ನನ್ನ ಕಸುಬನ್ನು ನೋಡಿ ಹೇಳಿದರೋ ತಿಳಿಯದು. ಪುಸ್ತಕ ಹಾಗಿರಲಿ, ಮದುವೆ ನಿಂತರೆ ಸಾಲದೇ ಅಂತ ನೀವು ಕೇಳಬಹುದು. ಸಾಲದು. ನಾವು ಇಲ್ಲಿ ತಡೆದರೆ ದೇವಲಾಪುರದಲ್ಲಿ ಸದ್ದಿಲ್ಲದೆ ಆಗುತ್ತದೆ. "ಅವಳೇನೂ ಬೇಡ ಅನ್ನಲಿಲ್ಲ" ಅನ್ನುವ ಒಂದು ಮಾತು ಸಾಕು, ಅದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ. ಬೇಡ ಅಂತ ಅವಳು ಅಂದದ್ದು ನಾಲ್ಕು ಜನಕ್ಕೆ ಗೊತ್ತಾಗಬೇಕಿತ್ತು.

ಭಾನುವಾರ ಕೆ.ಆರ್. ಪೇಟೆಗೆ ಹೋಗಿ ಬಸ್ಸು ಬದಲಿಸಿ ಅಕ್ಕಿಹೆಬ್ಬಾಳಿಗೆ ಹೋದೆ. ಹೇಮಾವತಿಯ ಅಜ್ಜಿ ಚಿಕ್ಕತಾಯಮ್ಮ ಜಗಲಿಯ ಮೇಲೆ ಮೊರ ಹಿಡಿದು ರಾಗಿ ಕೇರುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇನಾ ಅ ಮೇಡಮ್ಮು?" ಅಂದರು. ನನ್ನ ಕೀರ್ತಿ ಎರಡು ತಾಲ್ಲೂಕು ದಾಟಿ ಬಂದಿತ್ತು.

ಹುಡುಗಿ ಹೊಳೆಯಿಂದ ಒಗೆದ ಬಟ್ಟೆಯ ಬಕೆಟ್ಟು ಹೊತ್ತು ಬಂದಳು. ನನ್ನನ್ನು ಕಂಡು ಬಕೆಟ್ಟು ಇಳಿಸಿ ನಿಂತಳು. ಬಾಯಿ ತೆರೆದಳು. ಆಗ ಅವಳು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬಲಗೈಯ ಎರಡು ಬೆರಳನ್ನು ಬಾಯಿಯ ಮುಂದೆ ಪಟ್ಟಿಯ ಹಾಗೆ ಹಿಡಿದುಕೊಂಡು, ಗಾಳಿ ತಾಗುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತ, "ಮೇಡಂ... ಹ... ಏ... ಹೇ..." ಅಂದಳು. ನಾನು ಅವತ್ತು ಹೇಳಿದ್ದೆನಲ್ಲ, ಸರಿಯಾಗಿ ಅಂದುಕೊಂಡು ಬಾ ಅಂತ. ಮಗು ಅಂದುಕೊಳ್ಳುತ್ತಲೇ ಇತ್ತು.

ನನಗೆ ಅಳು ಬಂತು. ಅವಳ ಕೈ ಇಳಿಸಿದೆ. ಮಾತು ಬೇಡ, ಬರಿ ಅಂತ ಬ್ಯಾಗಿಗೆ ಕೈ ಹಾಕಿದರೆ ಕ್ಯಾಲೆಂಡರಿನ ಪಟ್ಟಿಯೊಂದು ಬಿಟ್ಟು ಬೇರೆ ಕಾಗದವಿರಲಿಲ್ಲ. ಅದನ್ನೇ ತಿರುಗಿಸಿ ಪೆನ್ನು ಕೊಟ್ಟೆ. ಅವಳು ಜಗಲಿಯ ಕಲ್ಲಿನ ಮೇಲಿಟ್ಟು, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬರೆದಳು:

ನಂಗೆ ಮದುವೆ ಬೇಡ ಮೇಡಂ, ನಾನು ಓದಬೇಕು.

ಇದೇ ಆ ಸಾಲು. ಕನ್ನಡ ಮೇಡಂ ಅಲ್ಲವೇ, ಕೈಗೆ ಬಂದ ಕೂಡಲೇ ನನ್ನ ಕಣ್ಣು ಅದರಲ್ಲಿ ಹಕಾರ ಹುಡುಕಿತು. ನೀವೂ ಹುಡುಕಿ ನೋಡಿ. ಒಂದೂ ಇಲ್ಲ. ಅವಳು ಹೇಳಬೇಕಾಗಿದ್ದ ಮಾತಿನಲ್ಲಿ ಹಕಾರ ಇರಲೇ ಇಲ್ಲ. ಇದ್ದದ್ದು, ಹೇಳಲೇ ಅಂತ ಕೇಳುವ ಮಾತಿನಲ್ಲಿ ಮಾತ್ರ. ನಾನು ಬಾಗಿಲಲ್ಲೇ ಅಡ್ಡ ನಿಂತುಬಿಟ್ಟಿದ್ದೆ.

"ಏನ್ ಬರ್ದವ್ಳೆ?" ಅಜ್ಜಿ ಕೇಳಿದರು. ಓದಿ ಹೇಳಿದೆ. ಅವರು ಮೊರ ಕೆಳಗಿಟ್ಟರು.

"ನಂಗೂ ಅದೇ ಏಳ್ಬೇಕು ಅಂತಿತ್ತು ಕಣವ್ವ. ನಂಗಿನ್ನೂ ಬುದ್ಧಿನೇ ಬಂದಿರ್ನಿಲ್ಲ, ಎತ್ತಿ ಗಾಡೀಲ್ ಕೂರಿಸ್ಬುಟ್ರು. ಇವ್ಳವ್ವನ್ನೂ ಅಂಗೇ ನಾನೇ ಕಳ್ಸ್ದೆ. ಅವ್ಳೂ ಏನೋ ಏಳಕ್ ಬಂದ್ಲು. ನಾನು, ಸುಮ್ಕಿರು, ಎಲ್ರೂ ಇಂಗೇ ಅಂದೆ." ಕೇರಿದ ರಾಗಿಯನ್ನು ಬೆರಳಲ್ಲಿ ಕೆದಕಿದರು. ಆಮೇಲೆ, "ನೀವ್ ಓಗಿ. ನಾಳಿಕ್ ನಾನೇ ಕರ್ಕಬತ್ತೀನಿ. ಅವ್ಳಪ್ಪ ನನ್ ಅಳಿಯ. ನನ್ನೆದ್ರುಗೆ ಅದೇನ್ ಏಳ್ತಾನೋ ನೋಡೇಬುಡ್ತೀನಿ," ಅಂದರು.

ಮಾತಿಗೆ ತಪ್ಪಲಿಲ್ಲ. ಸೋಮವಾರ ಹೊತ್ತೇರುವುದರೊಳಗೆ, ಮೊಮ್ಮಗಳ ರಟ್ಟೆ ಹಿಡಿದುಕೊಂಡು ಪಂಚಾಯ್ತಿ ಮೆಟ್ಟಿಲು ಹತ್ತಿದರು. ನಿಂಗೇಗೌಡರನ್ನೂ ಕರೆಸಿದ್ದರು. ಅವರ ಹಿಂದೆ ಜಯಮ್ಮ. ನಮ್ಮ ಹೆಡ್ಮಾಸ್ಟರು, ಅಂಗನವಾಡಿಯವರು, ನಾನು. ಪಿಡಿಒ ಪುಸ್ತಕ ತೆರೆದು, "ಅವತ್ತು ಏನು ಕೇಳ್ದಿ, ಹೇಳವಾ," ಅಂದರು.

ಹೇಮಾವತಿ ನನ್ನ ಕಡೆ ನೋಡಿದಳು. ನಾನು ಕೈ ಕಟ್ಟಿಕೊಂಡು, ತುಟಿ ಕಚ್ಚಿ ಕೂತಿದ್ದೆ. ಹೇಳಿಕೊಡಬಾರದು ಅಂತ ದೇವರ ಮುಂದೆ ಆಣೆ ಮಾಡಿ ಬಂದಿದ್ದೆ.

"ನಾನ್ ಅಕ್ಕಿ ಕೇಳ್ನಿಲ್ಲ ಸಾರ್. ನಮ್ಮನೇಲಿ ಅಕ್ಕಿ ಅದೆ. ನಮ್ಮಪ್ಪ ಬೆಳೀತಾರೆ. ನಾನ್ ಕೇಳಿದ್ದು ಅಕ್ಕು. ನಂಗ್ ಮದ್ವೆ ಬ್ಯಾಡ. ನಾನ್ ಓದ್ಬೇಕು."

ಗೌಡರ ಮುಖ ಕಪ್ಪಿಟ್ಟಿತು. "ಮನೇಲಿ ಏಳ್ಬೋದಿತ್ತಲ್ಲವ್ವ ನಂಗೆ. ಇಲ್ ಬಂದ್ ಮಾನ ಕಳೀಬೇಕಿತ್ತಾ?"

ಹುಡುಗಿ ತಲೆ ತಗ್ಗಿಸಿದಳು. ಮಾತಾಡಿದ್ದು ಜಯಮ್ಮ. "ನಾನ್ ಮನೇಲೇ ಏಳುದ್ನಲ್ಲ. ನೀವ್ ಕೇಳುದ್ರಾ?" ಅಷ್ಟೇ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪಿಡಿಒ ಅಕ್ಕಿ ಅನ್ನುವುದರ ಮೇಲೆ ಗೆರೆ ಎಳೆದು, ಹಕ್ಕು ಅಂತ ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಹೇಮಾವತಿಗೆ ಓದಿಸಿದರು. ಅವಳು ಬೆರಳಿಟ್ಟು, ಗಟ್ಟಿಯಾಗಿ, "ಅಕ್ಕು" ಅಂತ ಓದಿದಳು. ಪಿಡಿಒ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆಯ ಕಬ್ಬಿನ ಗಾಡಿ ನೋಡುತ್ತಿದ್ದೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದಿಲ್ಲ ಅಂತ ಗೌಡರಿಂದ ಮುಚ್ಚಳಿಕೆ ಬರೆಸಿಕೊಂಡರು. ಅಜ್ಜಿ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದರು, ಒತ್ತಿ ಬಹಳ ಹೊತ್ತು ಆ ಗುರುತನ್ನೇ ನೋಡುತ್ತ ನಿಂತಿದ್ದರು.

ಎಲ್ಲ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡಿ. ದೇವಲಾಪುರದ ಅತ್ತೆ ವರ್ಷಗಟ್ಟಲೆ ತವರಿನ ಹೊಸಿಲು ತುಳಿಯಲಿಲ್ಲ. ತಾತ ಮೊಮ್ಮಗಳ ಅಕ್ಷತೆ ನೋಡದೆಯೇ ಹೋದರು, ಅದನ್ನು ಊರವರು ನನ್ನ ಲೆಕ್ಕಕ್ಕೇ ಹಾಕಿದರು. ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡರೆ ಗೌಡರು ಮುಖ ಆಚೆ ತಿರುಗಿಸುತ್ತಿದ್ದರು. ಹೇಮಾವತಿಯೇನು ಜಿಲ್ಲೆಗೆ ಮೊದಲು ಬರಲಿಲ್ಲ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು, ಪಿಯುಸಿಯಲ್ಲಿ ಒಂದು ಸಲ ಇಂಗ್ಲಿಷಿನಲ್ಲಿ ನಪಾಸಾಗಿ ಮತ್ತೆ ಕಟ್ಟಿದಳು. ಈಗ ಊರಿನ ಹೆಂಗಸರ ಹಾಲಿನ ಡೈರಿಗೆ ಅವಳೇ ಕಾರ್ಯದರ್ಶಿ. ನಾನೂ ನಡುವೆ ಎರಡು ಕಡೆ ವರ್ಗವಾಗಿ ಸುತ್ತಿ ಮತ್ತೆ ಇದೇ ಶಾಲೆಗೆ ಬಂದಿದ್ದೇನೆ. ಬೆಳಿಗ್ಗೆ ಬಸ್ಸಿಳಿದು ಡೈರಿ ಮುಂದೆ ಹಾದು ಬರುವಾಗ ಅವಳ ದನಿ ಬೀದಿಗೆಲ್ಲ ಕೇಳಿಸುತ್ತದೆ: "ಅಪ್ಪ, ಇವತ್ ನಿನ್ನಾಲು ನೀರಾಗದೆ, ನಾನ್ ತಕ್ಕಳಾಕಿಲ್ಲ." ಗೌಡರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಹೋದ ವರ್ಷದಿಂದ ನನಗೆ ನಮಸ್ಕಾರವನ್ನೂ ಹೇಳುತ್ತಿದ್ದಾರೆ.

ಆದರೂ ಪಟ್ಟಿ ನೋಡಿದಾಗ ನನಗೆ ನೆನಪಾಗುವುದು ಹೇಮಾವತಿಯಲ್ಲ. ಅವಳಿಗೂ ಮುಂಚೆ ಇದೇ ಬಾಗಿಲಲ್ಲಿ ನಿಂತವರು. ಒಬ್ಬಳು "ಒಟ್ಟೆನೋವು ಮೇಡಂ" ಅಂದಿದ್ದಳು. "ಹೊಟ್ಟೆ ಅನ್ನು" ಅಂದಿದ್ದೆ. ಕೆಂಪು ರಿಬ್ಬನ್ನು ನೆನಪಿದೆ, ಹೆಸರು ನೆನಪಿಲ್ಲ. ಮರುವರ್ಷ ಅವಳು ಶಾಲೆಯಲ್ಲಿರಲಿಲ್ಲ, ಯಾಕೆ ಅಂತ ನಾನು ಕೇಳಲಿಲ್ಲ. ಇನ್ನೆಷ್ಟು ಜನ ಏನೇನು ಹೇಳಲು ಬಂದು, ಪಟ್ಟಿ ಊದಿ, ಹಾಗೇ ಹೋದರೋ. ಅವರ ಮಾತುಗಳು ಯಾವ ಪುಸ್ತಕದಲ್ಲೂ ಇಲ್ಲ, ತಿದ್ದುವುದಕ್ಕೂ ಬರುವುದಿಲ್ಲ. ಹಕಾರ ಬೇಡ ಅಂತ ನಾನು ಹೇಳುತ್ತಿಲ್ಲ. ನಾಳೆ ಇವರೂ ಮೈಸೂರಿಗೋ ಮತ್ತೆಲ್ಲಿಗೋ ಹೋಗಿ ಅಕ್ಕಿ ಒಣಗಿಸಬಾರದಲ್ಲ, ಅದಕ್ಕೆ ಈಗಲೂ ಕಲಿಸುತ್ತೇನೆ. ಪಾಠದ ಹೊತ್ತಿನಲ್ಲಿ, ನಗುತ್ತ, ನಾನೂ ಜೊತೆಗೆ ಊದುತ್ತ. ಬಾಗಿಲಿಗೆ ಬಂದು ನಿಂತವರ ಹತ್ತಿರ ಅಲ್ಲ.

ಮೊನ್ನೆ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೀಗೆಲ್ಲ ಯೋಚಿಸುತ್ತ ನಿಂತಿದ್ದೆ. ಕೊನೆಯ ಗಂಟೆ ಹೊಡೆದು ಮಕ್ಕಳು ಹೋಗಿಯಾಗಿತ್ತು. ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಎಂಟನೇ ಕ್ಲಾಸಿನ ಸಣ್ಣ ಹುಡುಗಿ. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಮೇಡಂ, ಒಂದ್ ಮಾತ್ ಏಳ್ಬೇಕು," ಅಂದವಳು ನನ್ನ ಕೈಯಲ್ಲಿದ್ದ ಕಾಗದ ನೋಡಿ ಹೆದರಿದಳು. ನನ್ನ ಹಳೆಯ ಕೀರ್ತಿ ಅಕ್ಕಂದಿರಿಂದ ತಂಗಿಯರಿಗೆ ಇಳಿದು ಬಂದಿರಬೇಕು. "ಅಲ್ಲ ಮೇಡಂ... ಹ... ಹೇ..." ಅಂತ ಗಾಳಿ ಊದತೊಡಗಿದಳು.

ಹೊರಗೆ ಶ್ರೀರಂಗಪಟ್ಟಣದ ಬಸ್ಸು ಹಾರನ್ನು ಹೊಡೆಯಿತು. ನಾನು ಪಟ್ಟಿಯನ್ನು ನಿಘಂಟಿನೊಳಗಿಟ್ಟು ಮುಚ್ಚಿದೆ. ಹೆಗಲಿನ ಬ್ಯಾಗು ಇಳಿಸಿ, ಪಕ್ಕದ ಕುರ್ಚಿಯನ್ನು ಅವಳ ಕಡೆ ಎಳೆದೆ.

"ಏಳವ್ವ," ಅಂದೆ. "ಕೂತ್ಕಂಡು ಏಳು."